ಕಪಾಟಿನ ಬಾಟಲಿಯೋ, ಕಿಟಕಿಯ ಬಾಟಲಿಯೋ

ಎಸೆನಾಲಿ ಅಗಾಯ್, ಎಂದರೆ ಎಸೆನಾಲಿ ಮೇಷ್ಟರು, ನಮ್ಮ ವೃತ್ತಿಶಾಲೆಗೆ ಬರುವ ಮೊದಲು ಹದಿನೆಂಟು ವರ್ಷ ಲಾರಿ ಓಡಿಸಿದವರು. ನಾರಿನ್ ಊರಿನಿಂದ ತೊರುಗಾರ್ತ್ ಗಡಿಯವರೆಗೆ, ಅಲ್ಲಿಂದ ವಾಪಸು. ಆ ದಾರಿಯಲ್ಲಿ ಬ್ರೇಕು ಅವರಿಗೆ ಒಂದು ಸಲವೂ ಕೈಕೊಟ್ಟಿರಲಿಲ್ಲ. ತಮ್ಮ ಬಗ್ಗೆ ಅವರು ಹೇಳಿಕೊಳ್ಳುತ್ತಿದ್ದ ದೊಡ್ಡಸ್ತಿಕೆ ಅದೊಂದೇ. ಮೇಷ್ಟರಾದ ಮೇಲೂ ಬ್ರೇಕಿನ ಪಾಠವೆಂದರೆ ಅವರಿಗೆ ಮೂರೇ ಮಾತು: "ತುಳಿ. ಹಿಡಿದಿಟ್ಕೋ. ಬಿಡು."

ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಾಗೇ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದೆ ಕೂತು ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗುಳ್ಳೆ ಹೊರಗೆ ಬಂದದ್ದನ್ನು ನೋಡಿ, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವರು ಕಾಲೆತ್ತಿದರೆ ಹೋದ ಗಾಳಿ ಮತ್ತೆ ಒಳಗೆ ಬಂತೆಂದೇ ಲೆಕ್ಕ. "ಸಂಸಾರ ಇದ್ದ ಹಾಗೆ ಇದು," ಎನ್ನುವರು ಅಗಾಯ್. "ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸ್ಬೇಕು. ಅಷ್ಟೆ."

ನಾನು ಅದೇ ಶಾಲೆಯಲ್ಲಿ ಕಿರ್ಗಿಜ್ ಭಾಷೆಯ ಮೇಷ್ಟರು. ಹೆಸರು ತುರಾರ್. ನನ್ನ ಕೋಣೆಯಲ್ಲಿ ಒಲೆಯಿಲ್ಲ, ಅವರ ವರ್ಕ್‌ಶಾಪಿನಲ್ಲಿ ಕಬ್ಬಿಣದ ಒಲೆಯಿತ್ತು. ಹಾಗಾಗಿ ಅಕ್ಟೋಬರ್ ಬಂತೆಂದರೆ ನನ್ನ ಚಹಾ ಅಲ್ಲೇ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ನನ್ನನ್ನು ಇನಿಮ್, ಎಂದರೆ ತಮ್ಮಾ, ಎಂದೇ ಕರೆಯುತ್ತಿದ್ದರು. ಈ ಕತೆ ನಡೆದ ವರ್ಷ ಅವರಿಗೆ ಅರವತ್ತೊಂದು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು.

ಆ ಶರತ್ಕಾಲದಲ್ಲಿ ಕೆಲಸವಿಲ್ಲದ ದೊಡ್ಡವರಿಗಾಗಿ ನಮ್ಮಲ್ಲಿ ಮೂರು ತಿಂಗಳ ಕೋರ್ಸು ಶುರುವಾಯಿತು. ಹನ್ನೊಂದು ಜನ ಸೇರಿದರು. ಅವರಲ್ಲಿ ಉಲ್ಕಾನ್ ಎಂಬ ನಲವತ್ಮೂರರ ಹೆಂಗಸು ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹಳೇ ವ್ಯಾನಿನಲ್ಲಿ ಸುತ್ತಲ ಹಳ್ಳಿಗಳ ಹಾಲು ಕೂಡಿಸಿ ತರುವುದು ಅವಳ ಜೀವನ. ವ್ಯಾನು ಕೆಟ್ಟಾಗಲೆಲ್ಲ ಮೆಕ್ಯಾನಿಕ್ಕುಗಳು ತಲೆ ಸವರಿ ಕಳಿಸುತ್ತಿದ್ದದ್ದು ಸಾಕಾಗಿ, ತಾನೇ ಕಲಿಯುತ್ತೇನೆಂದು ಬಂದಿದ್ದಳು. ಬೆಳಿಗ್ಗೆ ಹಾಲು ಹಾಕಿ, ಎಂಟು ಗಂಟೆಗೆ ಸರಿಯಾಗಿ ಹಾಲಿನ ವಾಸನೆಯ ಕೋಟಿನಲ್ಲೇ ತರಗತಿಗೆ ಹಾಜರಾಗುವಳು.

ಎರಡನೇ ವಾರ ಅನಾಹುತವಾಯಿತು. ಉಲ್ಕಾನ್ ಹಿಂದಿನ ಚಕ್ರದ ಬಳಿ ಕೂತು ನಿಪ್ಪಲ್ ಸಡಿಲಿಸಿದಳು. ಪೆಡಲ್ ಮೇಲಿದ್ದವನು ಅಗಾಯ್ ಹೇಳುವ ಮೊದಲೇ ಜೋರಾಗಿ ಇನ್ನೊಂದು ಸಲ ತುಳಿದುಬಿಟ್ಟ. ನಿಪ್ಪಲಿಗೆ ಸಿಕ್ಕಿಸಿದ್ದ ಕೊಳವೆ ಕಳಚಿ, ಬ್ರೇಕ್ ಆಯಿಲ್ ಚಿಮ್ಮಿ ಅವಳ ಬಲಗಣ್ಣಿಗೆ ಬಿತ್ತು. ಅವಳು ಕಿರುಚಲಿಲ್ಲ. "ಅಯ್ಯೋ, ಕಣ್ಣಿಗೆ ಯಾರೋ ಮೆಣಸಿನಕಾಯಿ ಹಿಂಡಿದ್ರು" ಎಂದು ಕುಕ್ಕರಿಸಿ ಕೂತಳು. ಅಗಾಯ್ ಅವಳ ತಲೆಯನ್ನು ತೊಟ್ಟಿಯ ಮೇಲೆ ಬಗ್ಗಿಸಿ ಇಪ್ಪತ್ತು ನಿಮಿಷ ಬಿಡದೆ ನೀರು ಹೊಯ್ದರು. ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರು. ವಾರವಿಡೀ ಕೆಂಪಾಗಿದ್ದದ್ದು ಆಮೇಲೆ ತಾನಾಗಿಯೇ ತಿಳಿಯಾಯಿತು.

ತಿಳಿಯಾಗದೆ ಉಳಿದದ್ದು ಅಗಾಯ್ ಅವರ ಮನಸ್ಸು. "ನನ್ನ ಕೈ ನೋಡು ಇನಿಮ್," ಎಂದು ಅಂಗೈ ಚಾಚಿದರು. ಹೆಬ್ಬೆರಳ ಚರ್ಮ ಒಣಗಿದ ಕೆಸರಿನ ಹಾಗೆ ಬಿರುಕು ಬಿಟ್ಟಿತ್ತು. "ನಲವತ್ತು ವರ್ಷದಿಂದ ಇದರಲ್ಲೇ ಅದ್ದಿದೀನಿ. ಕಾರಿನ ಮೇಲೆ ಒಂದು ತೊಟ್ಟು ಬಿದ್ರೆ ಪೇಂಟು ಎದ್ದು ಬರುತ್ತೆ. ಅಂಥದ್ದನ್ನ ಕಲಿಯೋಕೆ ಬಂದವರ ಕೈಗೆ ಮೊದಲ ದಿನಾನೇ ಕೊಟ್ಬಿಡ್ತೀನಲ್ಲ, ನಾನೆಂಥ ಮನುಷ್ಯ?"

ಶಾಲೆಯ ಡೈರೆಕ್ಟರಮ್ಮ ಸುಲಭದ ದಾರಿ ಹೇಳಿದರು. ಆಯಿಲ್ಲೇ ಬೇಡ, ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡಿ ಎಂದರು.

"ಗಾಳಿ ತೆಗೆಯೋದನ್ನ ಗಾಳೀಲೇ ಕಲಿಸ್ಲಾ, ಮೇಡಂ?" ಎಂದು ಕೇಳಿ ಅಗಾಯ್ ಎದ್ದು ಬಂದರು.

ಬಂದವರೇ ಒಂದು ಮೇಜು ಕಟ್ಟಿದರು. ಗುಜರಿ ಕಾರಿನ ಪೆಡಲ್, ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಒಂದು ಚಕ್ರದ ಬ್ರೇಕು. ನಡುವೆ ಉಕ್ಕಿನ ಪೈಪಿನ ಬದಲು ಆಸ್ಪತ್ರೆಯ ಡ್ರಿಪ್ಪಿನ ಹಾಗೆ ಒಳಗಿನದು ಕಾಣುವ ಕೊಳವೆ. ತುಳಿದರೆ ಗುಳ್ಳೆಗಳು ಸಾಲಾಗಿ ಓಡುವುದು ಎಲ್ಲರಿಗೂ ಕಾಣಬೇಕೆಂಬುದು ಅವರ ಆಸೆ. ಮೇಜೇನೋ ಚೆನ್ನಾಗಿಯೇ ಆಯಿತು. ಒಳಗೆ ಏನು ತುಂಬಿಸುವುದು ಎಂಬಲ್ಲಿ ಗೊಂದಲ ಶುರುವಾಯಿತು.

ಮೊದಲು ನೀರಿಗೆ ಚಹಾ ಡಿಕಾಕ್ಷನ್ ಬೆರೆಸಿ ತುಂಬಿಸಿದರು. ಒಂದು ದಿನ ಚೆನ್ನಾಗಿ ನಡೆಯಿತು. ವರ್ಕ್‌ಶಾಪಿನ ಒಲೆ ಸಂಜೆಗೆ ಆರುತ್ತದೆ, ನಾರಿನ್‌ನ ಚಳಿ ಆರುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ದ್ರವ ಹೊಯ್ಯುವ ಮೇಲಿನ ಗಾಜಿನ ಡಬ್ಬಿ ಸೀಳಿ, ಕೊಳವೆಯೊಳಗೆ ಕಂದು ಬಣ್ಣದ ಮಂಜುಗಡ್ಡೆ ಕೂತಿತ್ತು. ಸಿಲಿಂಡರ್ ಬಿಚ್ಚಿದರೆ ಆಗಲೇ ತುಕ್ಕಿನ ಕಲೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದರು. ಅದು ನುಣುಪಾಗಿದ್ದದ್ದು ನಿಜ, ಆದರೆ ಎಷ್ಟು ತುಳಿದರೂ ಗುಳ್ಳೆ ಮುಗಿಯಲೇ ಇಲ್ಲ. ಅರ್ಧ ಗಂಟೆ ತುಳಿದ ಮೇಲೆ ಉಲ್ಕಾನ್, "ಅಗಾಯ್, ಬ್ರೇಕ್ ರೆಡಿ ಆಯ್ತಾ ಇಲ್ಲ ಬಟ್ಟೆ ಒಗೆದಾಯ್ತಾ?" ಎಂದದ್ದೇ ತಡ, ಹನ್ನೊಂದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೆಯದು ಸೂರ್ಯಕಾಂತಿ ಎಣ್ಣೆ. ಇದು ಕೈಗೆ ಒಳ್ಳೆಯದು, ತುಕ್ಕು ಹಿಡಿಸುವುದಿಲ್ಲ, ನೋಡಲಿಕ್ಕೂ ಅದೇ ಬಣ್ಣ. ಅಗಾಯ್ ನಿರಾಳವಾದರು. ನಾಲ್ಕನೇ ದಿನ ತುಳಿದ ಪೆಡಲ್ ಮೇಲೆ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಬಟ್ಟಲಿನಾಕಾರದ ರಬ್ಬರ್ ಕಪ್ಪುಗಳು ಬಾಣಲೆಯಲ್ಲಿ ಉಬ್ಬಿದ ಬೋರ್ಸೋಕ್ ತಿಂಡಿಯ ಹಾಗೆ ಊದಿ ಕೂತಿದ್ದವು. ಅಗಾಯ್ ಅವನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ಹಿಚುಕಿ ನೋಡಿದರು.

"ನಂಗೆ ಅರ್ಥ ಆಗ್ತಾ ಇಲ್ಲ," ಎಂದರು ಕೊನೆಗೆ. "ನಾನು ಲಾರೀಲಿ ಇದ್ದಾಗ ಕೆಂಪು ಆಯಿಲ್ ಹಾಕ್ತಿದ್ವಿ. ಅದರಲ್ಲಿ ಅರ್ಧ ಹರಳೆಣ್ಣೆ, ಅರ್ಧ ಸ್ಪಿರಿಟ್ಟು. ವರ್ಷಗಟ್ಲೆ ರಬ್ಬರಿಗೆ ಏನೂ ಆಗ್ತಿರ್ಲಿಲ್ಲ. ಅದೂ ಎಣ್ಣೆ, ಇದೂ ಎಣ್ಣೆ. ಈಗಿನ ಬ್ರೇಕ್ ಆಯಿಲ್ ನೋಡಿದ್ರೆ ಹೆಸರಿಗಷ್ಟೇ ಆಯಿಲ್, ನೀರಲ್ಲಿ ಕರಗಿ ಹೋಗುತ್ತೆ. ಹಂಗಾದ್ರೆ ಈ ರಬ್ಬರಿಗೆ ಎಣ್ಣೆ ಬೇಕೋ, ಬೇಡವೋ?"

ಉಲ್ಕಾನ್ ಆ ಕಪ್ಪನ್ನು ಎತ್ತಿ ಮೂಸಿದಳು. "ಹಾಲು ಕರೆಯೋ ಮಷಿನ್ನಿನ ರಬ್ಬರೂ ಹೀಗೇ ಅಗಾಯ್. ಬೆಣ್ಣೆ ಜಿಡ್ಡು ಕುಡಿದು ಕುಡಿದು ದಪ್ಪ ಆಗುತ್ತೆ. ಒಂದೊಂದು ಜಾತಿ ರಬ್ಬರಿಗೆ ಒಂದೊಂದು ಆಗಿಬರಲ್ಲ. ನಿಮ್ಮ ಕಾಲದ ರಬ್ಬರ್ ಬೇರೆ ಇದ್ದಿರ್ಬೇಕು."

ಈ ಮಾತು ಸರಿಯಿತ್ತು. ಆದರೆ ತಮ್ಮ ನಲವತ್ತು ವರ್ಷದ ಕಸುಬಿನ ಕಗ್ಗಂಟನ್ನು ಹಾಲಿನವಳೊಬ್ಬಳು ಮೂಸಿ ಬಿಡಿಸಿದ್ದು ಅಗಾಯ್ ಅವರಿಗೆ ಖುಷಿಯಾಯಿತೋ ಮುಜುಗರವಾಯಿತೋ, ಮುಖ ನೋಡಿ ಹೇಳುವಂತಿರಲಿಲ್ಲ.

ಉಪಾಯ ಕೊನೆಗೆ ಬಂದದ್ದು ಅವರ ಮನೆಯಿಂದಲೇ. ಹೆಂಡತಿ ಬಾತ್ಮಾ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದರು. "ಗ್ಲಿಸರಿನ್ ಹಾಕಿ ನೋಡಿ," ಎಂದರಂತೆ ಊಟಕ್ಕೆ ಬಡಿಸುತ್ತಾ. "ಒಡೆದ ತುಟಿಗೆ ಹಚ್ಚೋದಲ್ವಾ, ಯಾರಿಗೂ ಏನೂ ಮಾಡಲ್ಲ. ನೀರು ಬೆರೆಸಿದ್ರೂ ಹೆಪ್ಪುಗಟ್ಟಲ್ಲ." ಮುಕ್ಕಾಲು ಪಾಲಿಗಿಂತ ತುಸು ಕಡಿಮೆ ಗ್ಲಿಸರಿನ್, ಮಿಕ್ಕದ್ದು ಕಾಯಿಸಿ ಆರಿಸಿದ ನೀರು. ರಬ್ಬರ್ ಊದಲಿಲ್ಲ, ಚಳಿಗೆ ಗಟ್ಟಿಯಾಗಲಿಲ್ಲ, ಗುಳ್ಳೆಗಳು ಮುತ್ತಿನ ಸಾಲಿನ ಹಾಗೆ ಸ್ಪಷ್ಟವಾಗಿ ಓಡಿದವು. ಮೈಮೇಲೆ ಚೆಲ್ಲಿದರೆ ಒರೆಸಿಕೊಂಡರೆ ಮುಗಿಯಿತು.

ಅಗಾಯ್ ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಕಲಿಯುವವರ ಕಣ್ಣಿಗೆ ಎಲ್ಲವೂ ನಿಜದ ಹಾಗೇ ಇರಲಿ ಎಂದು ಅವರು ಸಕ್ಕರೆ ಸುಟ್ಟು, ಅದರ ಪಾಕವನ್ನು ತೊಟ್ಟು ತೊಟ್ಟಾಗಿ ಬೆರೆಸಿ, ಹೊಸ ಬ್ರೇಕ್ ಆಯಿಲಿನ ತಿಳಿ ಜೇನುಬಣ್ಣವನ್ನೇ ತಂದರು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, "ಯಾವುದು ಯಾವುದು ಹೇಳು ನೋಡೋಣ ಇನಿಮ್?" ಎಂದು ನನಗೆ ಸವಾಲು ಹಾಕಿದರು. ನಾನು ತಪ್ಪು ಹೇಳಿದೆ. ಅವರು ಹಿಗ್ಗಿಹೋದರು. ಸುರಿಯಲು ಮೂತಿ ಅನುಕೂಲವಾಗಿದೆಯೆಂದು ಅದನ್ನು ಬ್ರೇಕ್ ಆಯಿಲಿನದೇ ಖಾಲಿ ಬಾಟಲಿಗೆ ತುಂಬಿಸಿಟ್ಟರು. ನಿಜವಾದದ್ದು ಕಪಾಟಿನಲ್ಲಿ, ಪಾಠದ್ದು ಕಿಟಕಿಯ ಕಟ್ಟೆಯ ಮೇಲೆ. ಗುರುತಿಗೆ ಇದ್ದದ್ದು ಅಷ್ಟೇ.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ನಮ್ಮ ಆಟದ ಮೇಷ್ಟರು ಮುಕಾಶ್ ತನ್ನ ಹಳೇ ಕಾರು ತಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಹೆಂಡತಿ, ಅತ್ತೆಯನ್ನು ಕೂರಿಸಿಕೊಂಡು ದೊಲೊನ್ ಘಾಟಿ ದಾಟಿ ಕೊಚ್ಕೊರ್‌ಗೆ ಮದುವೆಗೆ ಹೋಗಬೇಕು, ಬ್ರೇಕು ಸ್ವಲ್ಪ ಮೆತ್ತಗಾಗಿದೆ, ನೋಡಿ ಅಗಾಯ್ ಎಂದ. ಎರಡು ತರಗತಿಗಳ ನಡುವೆ ಅರ್ಧ ಗಂಟೆ ಬಿಡುವಿತ್ತು. ಪೆಡಲ್ ತುಳಿಯಲು ನನ್ನನ್ನೇ ಕೂರಿಸಿದರು. ತುಳಿ, ಹಿಡಿದಿಟ್ಕೋ, ಬಿಡು. ಹಿಂದಿನ ಎರಡು ಚಕ್ರದ ಗಾಳಿ ತೆಗೆದಾಯಿತು, ಬಾನೆಟ್ಟಿನ ಕೆಳಗಿನ ಡಬ್ಬಿಗೆ ಆಯಿಲ್ ಹೊಯ್ದದ್ದಾಯಿತು. ಪೆಡಲ್ ಗಟ್ಟಿಯಾಯಿತು. ಮುಕಾಶ್ ಸಂತೋಷವಾಗಿ ಹೋದ.

ಮರುದಿನ ಎಂಟು ಗಂಟೆಗೆ ನಾನು ಚಹಾಕ್ಕೆಂದು ಹೋದರೆ ಅಗಾಯ್ ಕಿಟಕಿ ಮತ್ತು ಕಪಾಟಿನ ನಡುವೆ ಒಂದೊಂದು ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು ನಿಂತಿದ್ದರು. ಮುಖ ಸುಣ್ಣದ ಹಾಗಾಗಿತ್ತು.

"ಇನಿಮ್, ನಿನ್ನೆ ನಾನು ಮುಕಾಶ್ ಕಾರಿಗೆ ಯಾವ ಬಾಟ್ಲೀದು ಹೊಯ್ದೆ?"

"ಕಪಾಟಿನದು," ಎಂದೆ. ಹೇಳಿದ ಮೇಲೆ ನನಗೇ ಅನುಮಾನ ಬಂತು. ನಾನು ಕೂತಿದ್ದದ್ದು ಕಾರಿನ ಒಳಗೆ. ಎತ್ತಿದ ಬಾನೆಟ್ಟು ಅಡ್ಡವಿತ್ತು. ಅವರು ಕಪಾಟಿನ ಕಡೆ ನಡೆದದ್ದು ನೋಡಿದ್ದೆನೇ ಹೊರತು, ಬಾಟಲಿ ಎತ್ತಿಕೊಂಡದ್ದನ್ನಲ್ಲ.

"ನನ್ನ ಕೈಗೆ ಕಿಟಕಿ ಕಟ್ಟೆಯ ತಣ್ಣನೆ ಕಲ್ಲು ತಾಗಿದ್ದು ನೆನಪಿದೆ," ಎಂದರು ಅಗಾಯ್. "ಅದು ನಿನ್ನೇದೋ, ಮೊನ್ನೇದೋ?"

ಒಲೆ ಕಾದಿತ್ತು. ಅವರು ಕಪಾಟಿನ ಬಾಟಲಿಯಿಂದ ಒಂದು ತೊಟ್ಟನ್ನು ಒಲೆಯ ಕಬ್ಬಿಣದ ಮೇಲೆ ಬಿಟ್ಟರು. ಚುರ್ ಎಂದು ಕುಣಿದು ಸಿಡಿಯಿತು. ನೀರಿನಂಶವಿಲ್ಲದೆ ಹಾಗೆ ಸಿಡಿಯುವುದಿಲ್ಲ. ಕಿಟಕಿಯದರಿಂದ ಇನ್ನೊಂದು ತೊಟ್ಟು ಬಿಟ್ಟರು. ಅದು ಸದ್ದಿಲ್ಲದೆ ಹರಡಿ, ಆಮೇಲೆ ಘಾಟು ಹೊಗೆಯಾಗಿ ಎದ್ದಿತು. ಎಂದರೆ ಕಪಾಟಿನಲ್ಲಿ ಪಾಠದ್ದಿತ್ತು, ಕಿಟಕಿಯಲ್ಲಿ ನಿಜವಾದದ್ದಿತ್ತು. ಯಾರೋ ಅದಲುಬದಲು ಮಾಡಿದ್ದರು.

ಗುಡಿಸುವ ಕಾಲಿಚಾ ಅಜ್ಜಿಯನ್ನು ಕರೆಸಿದೆವು.

"ಹೌದು, ನಿನ್ನೆ ಧೂಳು ಒರೆಸಿದೆ," ಎಂದಳು ಅಜ್ಜಿ. "ಬಾಟ್ಲಿ ಎತ್ತಿ ಮತ್ತೆ ಅಲ್ಲೇ ಇಟ್ಟೆ."

"ಅಲ್ಲೇ ಅಂದ್ರೆ ಎಲ್ಲಿ ಅಜ್ಜಿ?" ಎಂದರು ಅಗಾಯ್.

"ಎಲ್ಲಿತ್ತೋ ಅಲ್ಲೇ."

"ಎಷ್ಟು ಹೊತ್ತಿಗೆ? ಮುಕಾಶ್ ಕಾರು ಬರೋ ಮೊದಲೋ, ಹೋದ ಮೇಲೋ?"

"ನಾನು ಕಾರು ನೋಡ್ಕೊಂಡು ಗುಡಿಸ್ತೀನಾ? ಚಹಾ ಕುಡಿದ ಮೇಲೆ ಒರೆಸಿದೆ."

"ಯಾವ ಚಹಾ?"

"ನಾನು ದಿನಕ್ಕೆ ಆರು ಸಲ ಕುಡೀತೀನಪ್ಪಾ," ಎಂದು ಅಜ್ಜಿಗೆ ಅಳುವೇ ಬಂತು.

ಅಗಾಯ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೀಟು ಎಳೆದು ಲೆಕ್ಕ ಹಾಕಲು ಹೋದರು. ನನ್ನ ನೆನಪು ಸರಿಯಾಗಿದ್ದು ಅಜ್ಜಿ ಮೊದಲೇ ಒರೆಸಿದ್ದರೆ ಕಾರಿಗೆ ಬಿದ್ದದ್ದು ಸಕ್ಕರೆ ಬಣ್ಣದ ನೀರು. ಅವರ ನೆನಪು ಸರಿಯಾಗಿದ್ದರೆ ನಿಜವಾದದ್ದು. ಅಜ್ಜಿ ಆಮೇಲೆ ಒರೆಸಿದ್ದರೆ ಎಲ್ಲವೂ ತಿರುಗುಮುರುಗು. ಎರಡು ಸಲ ಎಳೆದು, ಎರಡು ಸಲ ಅಳಿಸಿ, ಸುಣ್ಣದ ತುಂಡನ್ನು ಎಸೆದರು.

ಗ್ಲಿಸರಿನ್ ನೀರು ಬ್ರೇಕಿನಲ್ಲಿದ್ದರೆ ಊರೊಳಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ದೊಲೊನ್‌ನ ಆಚೆಯ ಇಳಿಜಾರಿನಲ್ಲಿ. ಸುತ್ತು ಸುತ್ತಾಗಿ ಇಳಿಯುತ್ತಾ ಬ್ರೇಕು ಕಾಯುತ್ತದೆ, ಒಳಗಿನ ನೀರು ಕುದಿದು ಹಬೆಯಾಗುತ್ತದೆ, ತುಳಿದ ಪೆಡಲ್ ಹಿಟ್ಟಿನ ಮುದ್ದೆಗೆ ಕಾಲಿಟ್ಟ ಹಾಗೆ ನೆಲಕ್ಕೆ ಹೋಗುತ್ತದೆ. ಅಗಾಯ್ ಇದನ್ನು ಇಪ್ಪತ್ತೆರಡು ವರ್ಷದಿಂದ ಪಾಠದಲ್ಲಿ ಹೇಳಿಕೊಂಡು ಬಂದಿದ್ದರು.

ಮುಕಾಶ್ ಏಳಕ್ಕೇ ಹೊರಟಿದ್ದ. ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಅಷ್ಟರಲ್ಲಿ ಉಲ್ಕಾನ್ ತರಗತಿಗೆ ಬಂದಳು. ವಿಷಯ ಕೇಳಿ ಒಂದು ಕ್ಷಣವೂ ನಿಲ್ಲಲಿಲ್ಲ. "ನನ್ನ ವ್ಯಾನು ಬಿಸಿಯಾಗೇ ಇದೆ. ಹತ್ತಿ," ಎಂದಳು. ಬಜಾರಿನಲ್ಲಿ ನಿಲ್ಲಿಸಿ ಸೀಲ್ ಒಡೆಯದ ಬ್ರೇಕ್ ಆಯಿಲಿನ ಎರಡು ಬಾಟಲಿ ಕೊಂಡೆವು. ಸೀಲನ್ನು ಅಗಾಯ್ ನನಗೂ ತೋರಿಸಿ, ಉಲ್ಕಾನಳಿಗೂ ತೋರಿಸಿ, "ಸೀಲ್ ಇದೆ ಅಲ್ವಾ? ನೀವಿಬ್ರೂ ನೋಡಿದ್ರಿ ಅಲ್ವಾ?" ಎಂದು ಕೇಳಿದ ಮೇಲೇ ಮಡಿಲಲ್ಲಿ ಇಟ್ಟುಕೊಂಡರು.

ದಾರಿಯುದ್ದಕ್ಕೂ ಖಾಲಿ ಹಾಲಿನ ಕ್ಯಾನುಗಳು ಹಿಂದೆ ಬಡಿದಾಡುತ್ತಿದ್ದವು. ಅಗಾಯ್ ಕಣ್ಣು ಮುಚ್ಚಿ ಕೂತು, ಬಲಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಆಡಿಸುತ್ತಿದ್ದರು. ಹಿಂದಿನ ದಿನದ ಒಂದೊಂದು ಹೆಜ್ಜೆಯನ್ನೂ ಕೈಗೆ ನೆನಪು ಮಾಡಿಸುತ್ತಿದ್ದರೆಂದು ತೋರಿತು. ಕೈ ಒಮ್ಮೆ ಎಡಕ್ಕೆ ಹೋಗುವುದು, ಒಮ್ಮೆ ಬಲಕ್ಕೆ.

"ತೊರುಗಾರ್ತ್ ದಾರೀಲಿ ಎಷ್ಟು ತಿರುವಿದೆ ಅಂತ ಈಗಲೂ ಹೇಳ್ತೀನಿ," ಎಂದರು ಇದ್ದಕ್ಕಿದ್ದಂತೆ. "ನಿನ್ನೆ ಮಧ್ಯಾಹ್ನದ್ದು ಗೊತ್ತಿಲ್ಲ. ಇದು ಹೆಂಗೆ ಉಲ್ಕಾನ್?"

"ನಾನು ಕನ್ನಡಕ ತಲೆ ಮೇಲೇ ಇಟ್ಕೊಂಡು ಮನೆಯೆಲ್ಲಾ ಹುಡುಕ್ತೀನಿ ಅಗಾಯ್. ಎಲ್ಲರಿಗೂ ಆಗುತ್ತೆ."

"ಕನ್ನಡಕ ಕಳೆದ್ರೆ ಯಾರೂ ಸಾಯಲ್ಲ," ಎಂದು ಮತ್ತೆ ಕಣ್ಣು ಮುಚ್ಚಿದರು.

ಒಟ್ಟುಕ್ ಹಳ್ಳಿಯಲ್ಲಿ ವಿಚಾರಿಸಿದಾಗ, ಅಂಥ ಕಾರೊಂದು ಅಲ್ಲಿ ನಿಂತು ಮುಂದೆ ಹೋಗಿ ಬಹಳ ಹೊತ್ತಾಗಿಲ್ಲ ಎಂದರು. ಉಲ್ಕಾನ್ ಇನ್ನಷ್ಟು ಒತ್ತಿದಳು. ಘಾಟಿಯ ನೆತ್ತಿ ತಲುಪಿದಾಗ ಗಾಳಿ ಹಿಮವನ್ನು ರಸ್ತೆಗೆ ಅಡ್ಡವಾಗಿ ಬಳಿಯುತ್ತಿತ್ತು. ರಸ್ತೆ ಕಾಯುವವರ ಕಬ್ಬಿಣದ ಗೂಡಿನ ಪಕ್ಕ ಮುಕಾಶ್‌ನ ಕಾರು ನಿಂತಿತ್ತು. ಅವನ ಅತ್ತೆ ಒಂದು ಬಂಡೆಯ ಮೇಲೆ, ಮೂಗಿಗೆ ಶಾಲು ಒತ್ತಿಕೊಂಡು ಕೂತಿದ್ದಳು. ಅವಳಿಗೆ ಕಾರಿನಲ್ಲಿ ವಾಂತಿ. ತಲೆ ಸುತ್ತುವುದು ನಿಲ್ಲುವವರೆಗೆ ಕಾರು ಹತ್ತುವುದಿಲ್ಲ ಎಂದು ಮುಕ್ಕಾಲು ಗಂಟೆಯಿಂದ ಹಟ ಹಿಡಿದಿದ್ದಳು.

"ಏನಗಾಯ್, ನೀವೂ ಮದುವೆಗೆ ಹೊರಟ್ರಾ?" ಎಂದ ಮುಕಾಶ್.

"ಮುಕಾಶ್, ಕಾರು ಹತ್ಬೇಡ."

"ಯಾಕೆ, ಏನಾಗಿದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನಿನ್ನ ಬ್ರೇಕಿಗೆ ನಾನು ಏನು ಹಾಕಿದೀನಿ ಅನ್ನೋದು ನಂಗೆ ಗೊತ್ತಿಲ್ಲ."

ಮುಕಾಶ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಬಂಡೆಯ ಮೇಲಿಂದ ಅತ್ತೆ ಶಾಲು ಸರಿಸಿದಳು. "ಅಳಿಯನಿಗೆ ಕಾರು ಓಡ್ಸೋಕೆ ಬರಲ್ಲ ಅಂತ ಮೊದಲೇ ಗೊತ್ತಿತ್ತು. ರಿಪೇರಿ ಮಾಡೋರಿಗೂ ಬರಲ್ಲ ಅಂತ ಈಗ ಗೊತ್ತಾಯ್ತು. ನಾನು ಇಳಿದಿದ್ದೇ ಒಳ್ಳೇದಾಯ್ತು."

ಅಗಾಯ್ ಡಬ್ಬಿಯ ಮುಚ್ಚಳ ತೆಗೆದು ಸಿರಿಂಜಿನಲ್ಲಿ ಸ್ವಲ್ಪ ಎಳೆದುಕೊಂಡರು. ರಸ್ತೆಯವರ ಗೂಡಿನಲ್ಲಿ ಒಲೆ ಉರಿಯುತ್ತಿತ್ತು. ಎಲ್ಲರೂ ಒಳಗೆ ನುಗ್ಗಿ ಒಲೆಯ ಸುತ್ತ ನಿಂತೆವು. ತೊಟ್ಟು ಬಿತ್ತು. ಮೊದಲು ಸಣ್ಣಗೆ ಚುರುಗುಟ್ಟಿತು, ಆಮೇಲೆ ಹೊಗೆಯಾಡಿತು.

"ಹಂಗಂದ್ರೆ?" ಎಂದ ಮುಕಾಶ್.

ಅಗಾಯ್ ಇನ್ನೊಂದು ತೊಟ್ಟು ಬಿಟ್ಟರು. ಮತ್ತೆ ಅದೇ. ಪೂರ್ತಿ ಸಿಡಿಯಲೂ ಇಲ್ಲ, ಪೂರ್ತಿ ಸುಮ್ಮನಿರಲೂ ಇಲ್ಲ. "ಪಾಠದ್ದು ಬೆರೆತಿದ್ರೂ ಹೀಗೇ ಆಗುತ್ತೆ," ಎಂದರು ಮೆಲ್ಲಗೆ. "ನಿನ್ನ ಹಳೇ ಆಯಿಲ್ ವರ್ಷಗಟ್ಲೆ ಗಾಳಿಯ ತೇವ ಕುಡಿದಿದ್ರೂ ಹೀಗೇ ಆಗುತ್ತೆ. ಇದು ಯಾವುದು ಅಂತ ನಾನು ಹೇಳಲಾರೆ."

ರಸ್ತೆ ಕಾಯುವವನು ಕುರಿಚರ್ಮದ ಟೋಪಿ ಹಿಂದಕ್ಕೆ ತಳ್ಳಿ, "ಹೇಳೋಕಾಗದೇ ಇದ್ರೆ ಎಲ್ಲಾನೂ ಚೆಲ್ಲಿ ಹೊಸದು ಹಾಕಿ. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದ.

ಅಗಾಯ್ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಬೆಳಗಿನಿಂದ ಯಾವ ಬಾಟಲಿ, ಯಾವ ಬಾಟಲಿ ಎಂದು ಸುತ್ತುತ್ತಿದ್ದ ನಮ್ಮ ಮೂವರಿಗೂ, ಸೀಲಿನ ಬಾಟಲಿ ಮಡಿಲಲ್ಲೇ ಇದ್ದರೂ, ಉತ್ತರವೇ ಬೇಕಿಲ್ಲದ ದಾರಿಯೊಂದಿದೆ ಎಂಬುದು ಮರೆತೇ ಹೋದಂತಿತ್ತು.

ಕೆಲಸ ಎರಡು ಗಂಟೆ ಹಿಡಿಯಿತು. ಅಗಾಯ್ ತಾವೇ ಚಕ್ರದ ಬಳಿ ಕೂರಲು ಹೋದರು. ಉಲ್ಕಾನ್ ತನ್ನ ಚೀಲದಿಂದ ರಕ್ಷೆಯ ಕನ್ನಡಕ ತೆಗೆದು ಹಾಕಿಕೊಂಡು, ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. "ಬಿಡಿ ಅಗಾಯ್. ನೀವು ಹೇಳಿ, ನಾನು ಮಾಡ್ತೀನಿ."

ನಾನು ಪೆಡಲ್ ಮೇಲೆ ಕೂತೆ. ಗಾಳಿಯ ಸದ್ದಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಮುಕಾಶ್‌ನ ಹೆಂಡತಿ ನಡುವೆ ನಿಂತು ಅವರು ಹೇಳಿದ್ದನ್ನು ಕೂಗಿ ನನಗೆ ಮುಟ್ಟಿಸುತ್ತಿದ್ದಳು. ತುಳಿ. ಹಿಡಿದಿಟ್ಕೋ. ಬಿಡು. ದೂರದ ಚಕ್ರದಿಂದ ಶುರುಮಾಡಿ ನಾಲ್ಕೂ ಚಕ್ರ, ಹಳೆಯದೆಲ್ಲ ಹೊರಗೆ ಬಂದು ಹೊಸದು ಕಾಣುವವರೆಗೆ. ಚೆಲ್ಲಿದ್ದನ್ನು ಅಗಾಯ್ ನೆಲಕ್ಕೆ ಬಿಡದೆ ಡಬ್ಬಿಯಲ್ಲಿ ಹಿಡಿದರು.

ಇಳಿಜಾರನ್ನು ಅವರೇ ಓಡಿಸಿದರು. ಕಾರಿನಲ್ಲಿ ಬೇರೆ ಯಾರನ್ನೂ ಕೂರಿಸಿಕೊಳ್ಳಲಿಲ್ಲ. ನಾವೆಲ್ಲ ಉಲ್ಕಾನಳ ವ್ಯಾನಿನಲ್ಲಿ ಕ್ಯಾನುಗಳ ನಡುವೆ ತೂರಿಕೊಂಡು ಹಿಂಬಾಲಿಸಿದೆವು. ಮುಂದಿನ ಕಾರಿನ ಕೆಂಪು ದೀಪ ತಿರುವು ತಿರುವಿಗೂ ಹೊತ್ತಿ ಆರುವುದನ್ನು ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಅತ್ತೆಗೂ ವಾಂತಿ ಮರೆತುಹೋಗಿತ್ತು. ಸಾರಿ‌ಬುಲಾಕ್ ಹಳ್ಳಿ ತಲುಪಿ, ಕಾರು ಊಟದ ಗೂಡಂಗಡಿಗಳ ಮುಂದೆ ಮೆಲ್ಲಗೆ ನಿಂತಿತು. ಅಗಾಯ್ ಇಳಿಯದೆ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಹಾಗೇ ಕೂತಿದ್ದರು.

ಮುಕಾಶ್ ಬೈಯುತ್ತಾನೆಂದು ನಾನು ಕಾದಿದ್ದೆ. ಅವನು ಬಾಗಿಲು ತೆಗೆದು ಅವರ ತೋಳು ಹಿಡಿದು ಇಳಿಸಿಕೊಂಡ. "ಬನ್ನಿ ಅಗಾಯ್, ಬಿಸಿ ಸಾರು ಕುಡಿಯೋಣ. ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದ. ಅದು ಸಮಾಧಾನವೋ, ದೂರೋ ಎಂದು ತಿಳಿಯದೆ ಅಗಾಯ್ ಅವನನ್ನೇ ನೋಡಿದರು.

ಮರುದಿನ ಡೈರೆಕ್ಟರಮ್ಮನಿಗೆ ತಾವೇ ಹೋಗಿ ಹೇಳಿದರು. ಬರೆದು ಕೊಡಿ ಎಂದರಂತೆ. ಬರೆಯಲು ನನ್ನ ಕೋಣೆಗೆ ಬಂದರು. 'ನಾನು ಯಾವ ಬಾಟಲಿಯಿಂದ ಹೊಯ್ದೆ ಎಂದು ನನಗೆ ನೆನಪಿಲ್ಲ. ತಪ್ಪು ನನ್ನದು' ಎಂದಷ್ಟೇ ಬರೆದು, ಹಾಳೆ ಮಡಚದೆ ಕೂತರು.

"ಇನಿಮ್, ನಿಜ ಹೇಳು. ನನ್ನ ತಲೆ ಹೋಗ್ತಾ ಇದೆಯಾ?"

ಅದನ್ನು ಡಾಕ್ಟರೇ ಹೇಳಬೇಕು ಎಂದೆ. ಬಾತ್ಮಾ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ತಿರುಗಿ ಕೇಳಿದರು. ಎಲ್ಲವೂ ಸರಿಯಿತ್ತು. ಬೇರೆ ಯೋಚನೆಯಲ್ಲಿದ್ದಾಗ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಅದು ನೆನಪಿನಲ್ಲಿ ಉಳಿಯುವುದಿಲ್ಲ ಎಂದರಂತೆ. ಅಗಾಯ್ ಅದನ್ನು ಪೂರ್ತಿ ನಂಬಲಿಲ್ಲ. ಆಮೇಲೆ ಎಷ್ಟೋ ದಿನ ಮನೆಯ ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಎಳೆದು ನೋಡುತ್ತಿದ್ದರು.

ಪಾಠದ ದ್ರವವನ್ನು ಮಾತ್ರ ಬಿಡಲಿಲ್ಲ. ಸಕ್ಕರೆ ಪಾಕದ ಬದಲು ಹೆಂಡತಿಯ ಅಂಗಡಿಯಿಂದ ಗಾಯಕ್ಕೂ ಮಕ್ಕಳ ಸೀತಾಳೆ ಸಿಡುಬಿನ ಗುಳ್ಳೆಗಳಿಗೂ ಹಚ್ಚುವ ಹಸಿರು ಮದ್ದನ್ನು ತಂದು ನಾಲ್ಕು ಹನಿ ಬೆರೆಸಿದರು. ಗ್ಲಿಸರಿನ್ ಗಿಳಿಯ ಬಣ್ಣಕ್ಕೆ ತಿರುಗಿತು. ಅಂಥ ಬಣ್ಣದ ಬ್ರೇಕ್ ಆಯಿಲ್ ಜಗತ್ತಿನಲ್ಲೇ ಇಲ್ಲ. ಬಾಟಲಿ ಬೇಡವೆಂದು ಅಗಲ ಬಾಯಿಯ ಜಾಮಿನ ಜಾಡಿಗೆ ತುಂಬಿ, ಮೇಜಿಗೇ ತಂತಿಯಿಂದ ಕಟ್ಟಿಹಾಕಿದರು. ನಿಜವಾದದ್ದನ್ನು ಬೀಗದೊಳಗಿಟ್ಟು ಬೀಗದ ಕೈಯನ್ನು ಉಲ್ಕಾನಳಿಗೆ ಕೊಟ್ಟರು. ಕೋರ್ಸು ಮುಗಿದ ಮೇಲೆ ಅವಳನ್ನು ಸಹಾಯಕಿಯಾಗಿ ಇಟ್ಟುಕೊಳ್ಳುವಂತೆ ಡೈರೆಕ್ಟರಮ್ಮನನ್ನು ಅವರೇ ಒಪ್ಪಿಸಿದ್ದರು.

ಹಸಿರು ಮದ್ದಿನದು ಒಂದೇ ತೊಂದರೆ. ಬೆರಳಿಗೆ ಹತ್ತಿದರೆ ನಾಲ್ಕು ದಿನ ಹೋಗುವುದಿಲ್ಲ. ಮಾರ್ಚಿನಲ್ಲಿ ಹೊಸ ಕೋರ್ಸು ಶುರುವಾದಾಗ ಬಜಾರಿನಲ್ಲಿ ಹಸಿರು ಕೈಗಳು ಕಾಣಿಸಿಕೊಂಡವು. ನಾನು ರೊಟ್ಟಿ ಕೊಳ್ಳುತ್ತಿದ್ದಾಗ ರೊಟ್ಟಿಯವಳು ನನ್ನ ಮುಂದಿದ್ದ ಗಂಡಸಿನ ಬೆರಳು ನೋಡಿ, "ಪಾಪ, ಮನೇಲಿ ಮಕ್ಕಳಿಗೆ ಸೀತಾಳೆ ಸಿಡುಬಾ?" ಎಂದು ಕೇಳಿದಳು.

"ಇಲ್ಲ ಅಕ್ಕಾ, ಬ್ರೇಕು," ಎಂದ ಅವನು.

ರೊಟ್ಟಿಯವಳಿಗೆ ಏನೂ ಅರ್ಥವಾಗಲಿಲ್ಲ. "ಬೇಗ ವಾಸಿಯಾಗಲಿ," ಎಂದು ರೊಟ್ಟಿ ಕಟ್ಟಿಕೊಟ್ಟಳು.